ಅರ್ಧ ಚಮಚ

ನನ್ನ ಮೊದಲ ಅಡುಗೆ ಇ-ಪುಸ್ತಕ ಮಾರಾಟಕ್ಕಿಟ್ಟು ಒಂಬತ್ತು ದಿನ ಆಗಿತ್ತು. ಬೆಳಿಗ್ಗೆ ಹಾಲು ಕರೆದು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದೆ, ಫೋನ್ ಬಂತು. ದಾವಣಗೆರೆಯಿಂದ ಒಬ್ಬರು ಅಕ್ಕ. ಬಹಳ ಮರ್ಯಾದೆಯಿಂದ ಕೇಳಿದರು, "ಮೇಡಂ, ಒಂದು ಡೌಟು. ಅಧರ್ ಚಮಚ ಅಂದ್ರೆ ಎಷ್ಟು?"

ನನಗೆ ಅರ್ಥವಾಗಲಿಲ್ಲ. ಯಾವ ಪುಟ ಎಂದು ಕೇಳಿದೆ.

"ಎಲ್ಲಾ ಪುಟದಲ್ಲೂ ಇದೆಯಲ್ಲ ಮೇಡಂ. ಅಧರ್ ಚಮಚ ಜೀರಿಗೆ, ಅಧರ್ ಚಮಚ ಕಾಳುಮೆಣಸು. ನಿಮ್ಮ ಮಲೆನಾಡಿನ ಕಡೆ ಅಳತೆ ಬೇರೆ ಇರಬಹುದೇನೋ ಅಂತ ಮನೇಲಿ ಮಾತಾಡ್ಕೊಂಡ್ವಿ."

ಆಮೇಲೆ ಫೋನ್ ಮಾಡುತ್ತೇನೆ ಎಂದು ಹೇಳಿ ಒಳಗೆ ಓಡಿದೆ. ಕಂಪ್ಯೂಟರ್ ಹಾಕಿ ಹುಡುಕಿದೆ. 'ಅಧರ್' 41 ಕಡೆ ಇತ್ತು. 'ಅರ್ಧ' ಒಂದು ಕಡೆಯೂ ಇರಲಿಲ್ಲ. ಅಷ್ಟರಲ್ಲಿ 37 ಜನ ದುಡ್ಡು ಕೊಟ್ಟು ಆ ಪುಸ್ತಕ ತೆಗೆದುಕೊಂಡಿದ್ದರು. ನನಗೆ ಕೈಕಾಲೇ ಆಡಲಿಲ್ಲ.

ಇದು 2021ರ ಮಾತು. ಇ-ಪುಸ್ತಕ ಮಾಡಿ ಮಾರುವುದು ಹೇಗೆ, ಅದರಲ್ಲಿ ದುಡ್ಡು ಹುಟ್ಟುತ್ತದಾ ಎಂದು ಈಗ ತುಂಬಾ ಜನ ಕೇಳುತ್ತಾರೆ. ಅವರಿಗೆಲ್ಲ ನಾನು ಮೊದಲು ಈ ಅಧರ್ ಚಮಚದ ಕತೆಯನ್ನೇ ಹೇಳುತ್ತೇನೆ. ಜಾಹೀರಾತು, ಬೆಲೆ, ಮುಖಪುಟ ಎಲ್ಲಾ ಆಮೇಲಿನ ಮಾತು. ಅಕ್ಷರ ಸರಿ ಇಲ್ಲದಿದ್ದರೆ ಮುಂದಿನದೆಲ್ಲ ದಂಡ.

ನಾನು ಸಾಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ, ಮಾಡಿದವಳು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್. ಪೇಜ್‌ಮೇಕರ್ ಎನ್ನುವ ಪುಟ ಜೋಡಿಸುವ ತಂತ್ರಾಂಶ, ನುಡಿ ಎನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಇವೆರಡರಲ್ಲೇ ನನ್ನ ದಿನ ಬೆಳಗಾಗಿ ಸಂಜೆಯಾಗುತ್ತಿತ್ತು. ನುಡಿಯಲ್ಲಿ ಒತ್ತಕ್ಷರ ಬೇಕಾದರೆ 'ಎಫ್' ಕೀಲಿ ಒತ್ತಬೇಕು. ನನ್ನ ಕೀಲಿಮಣೆಯಲ್ಲಿ ಆ ಒಂದು ಕೀಲಿಯ ಅಕ್ಷರ ಪೂರ್ತಿ ಸವೆದುಹೋಗಿತ್ತು. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಜಾಸ್ತಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು. ಮದುವೆ ಇಲ್ಲ ಅಂದಮೇಲೆ ಕಾಗದವೂ ಇಲ್ಲ. ಪ್ರೆಸ್ಸಿನ ಕೆಲಸ ಬಿಟ್ಟು ಮನೆಗೆ ಬಂದೆ.

ಮನೆ ಅಂದರೆ ಸಾಗರದಿಂದ ಒಳಗೆ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ, ಮೂರು ದನ, ಹಿಂದೆ ಸೊಪ್ಪಿನ ಬೆಟ್ಟ. ಅತ್ತೆಗೆ ಆಗ 74 ವರ್ಷ. ಸೊಪ್ಪು, ಕುಡಿ ಅರೆದು ಮಜ್ಜಿಗೆ ಕೂಡಿಸಿ ಮಾಡುವ ತಂಬುಳಿ ಅವರಿಗೆ ಎಷ್ಟು ಬಗೆಯದು ಗೊತ್ತು ಎಂದು ಲೆಕ್ಕ ಇಟ್ಟವರಿಲ್ಲ. ಒಂದೆಲಗ, ದೊಡ್ಡಪತ್ರೆ, ಮೆಂತೆ, ಶುಂಠಿ ಇವೆಲ್ಲ ಎಲ್ಲರಿಗೂ ಗೊತ್ತು. ಅತ್ತೆ ನೇರಳೆ ಕುಡಿಯದ್ದು ಮಾಡುತ್ತಾರೆ, ಕುಂಟಾಲದ ಕುಡಿಯದ್ದು ಮಾಡುತ್ತಾರೆ, ದಾಳಿಂಬೆ ಸಿಪ್ಪೆಯನ್ನು ಒಣಗಿಸಿಟ್ಟು ಮಾಡುತ್ತಾರೆ. ಪ್ರೆಸ್ಸಿನಲ್ಲಿದ್ದಾಗ ಊಟದ ಬಿಡುವಿನಲ್ಲಿ ಅವರು ಹೇಳಿದ್ದನ್ನೆಲ್ಲ ಸುಮ್ನೆ ಟೈಪ್ ಮಾಡಿ ಇಟ್ಟಿದ್ದೆ. ಮರೆತುಹೋಗಬಾರದು ಅಂತ, ಅಷ್ಟೇ. ಅದೇ ನನ್ನ ಮೊದಲ ಪುಸ್ತಕ ಆಯಿತು.

ಅಚ್ಚು ಹಾಕಿಸಬಹುದಿತ್ತಲ್ಲ ಎಂದು ಕೇಳುತ್ತಾರೆ. ಪ್ರೆಸ್ಸಿನಲ್ಲಿದ್ದವಳಿಗೆ ಅದರ ಲೆಕ್ಕ ಚೆನ್ನಾಗಿ ಗೊತ್ತು. ಬಣ್ಣದ ಫೋಟೋ ಹಾಕಿ 500 ಪ್ರತಿ ಮಾಡಿಸಿದರೆ ಅರವತ್ತು ಸಾವಿರಕ್ಕೆ ಕಡಿಮೆ ಆಗುತ್ತಿರಲಿಲ್ಲ. ಆ ದುಡ್ಡು ಮೊದಲೇ ಕೊಡಬೇಕು. ಆಮೇಲೆ ಐನೂರು ಪುಸ್ತಕ ಎಲ್ಲಿಡುವುದು? ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅಟ್ಟದ ಮೇಲಿಟ್ಟ ಹಪ್ಪಳದ ಡಬ್ಬಿಯೇ ಮೆತ್ತಗಾಗುತ್ತದೆ. ಕಾಗದ ಬೂಸರು ಹಿಡಿಯದೆ ಉಳಿಯುತ್ತದಾ? ಉಳಿದರೂ ಗೆದ್ದಲು ಬಿಡುವುದಿಲ್ಲ.

ಹಾಗಂತ ಅಚ್ಚಿನ ಪುಸ್ತಕದ ಮೇಲೆ ನನಗೆ ಪ್ರೀತಿ ಕಡಿಮೆ ಅಲ್ಲ. ಹಳ್ಳಿಯಲ್ಲಿ ಕೂತು ಪುಸ್ತಕ ಮಾಡುವುದು ನಮ್ಮ ಸಾಗರದ ಕಡೆ ಹೊಸದೇನೂ ಅಲ್ಲ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಿಂದಲೇ ಅಕ್ಷರ ಪ್ರಕಾಶನ ನಡೆಸಿದರು. ಅದಕ್ಕೂ ಬಹಳ ಹಿಂದೆ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಪ್ರಕಟಿಸಿ, ಬರೆದವರೇ ಮಾರುವುದು ಕನ್ನಡಕ್ಕೆ ಹಳೇ ಅಭ್ಯಾಸ. ನನ್ನ ಗಂಟು ಫೋನಿನೊಳಗಿದೆ, ಅಷ್ಟೇ ವ್ಯತ್ಯಾಸ.

ಈಗ ಆ ಅಧರ್‌ಗೆ ಬರುತ್ತೇನೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಒಳಗಿನಿಂದ ನೋಡಿದರೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. 'ಕನ್ನಡ' ಎನ್ನುವ ಪದದಲ್ಲಿ ಪೌಂಡಿನ ಗುರುತು, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರ ಎಲ್ಲಾ ಕಾಣುತ್ತವೆ. ಅಚ್ಚಿಗೆ ಇದರಿಂದ ತೊಂದರೆ ಇಲ್ಲ. ಕಾಗದದ ಮೇಲೆ ಶಾಯಿ ಬಿದ್ದಮೇಲೆ ಒಳಗೆ ಏನಿತ್ತು ಎಂದು ಯಾರು ಕೇಳುತ್ತಾರೆ? ಫೋನಿನಲ್ಲಿ ಹಾಗಲ್ಲ. ಅಲ್ಲಿ ಅಕ್ಷರ ದೊಡ್ಡದು ಚಿಕ್ಕದು ಆಗಬೇಕು, ಹುಡುಕಿದರೆ ಸಿಗಬೇಕು, ಯಾರ ಫೋನಿನಲ್ಲಿ ತೆರೆದರೂ ಅದೇ ಅಕ್ಷರ ಕಾಣಬೇಕು. ಅದಕ್ಕೆ ಯೂನಿಕೋಡ್ ಬೇಕು, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಸಂಕೇತ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳಿವೆ. ನಾನು ಎಲ್ಲೋ ಸಿಕ್ಕಿದ ಒಂದರಲ್ಲಿ ತಿರುಗಿಸಿದೆ.

ತಪ್ಪಾಗಿದ್ದು ಅರ್ಕಾವತ್ತಿನಲ್ಲಿ. ಕೈಯಲ್ಲಿ 'ಅರ್ಧ' ಎಂದು ಬರೆದು ನೋಡಿ. ಮೊದಲು ಅ, ಆಮೇಲೆ ಧ, ಕೊನೆಗೆ ಪಕ್ಕದಲ್ಲಿ ಅರ್ಕಾವತ್ತು. ಹಳೇ ಫಾಂಟು ಕೈ ಬರೆಯುವ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಬಾಯಿ ಹೇಳುವ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಅ, ರ್, ಧ. ಅಂದರೆ ತಿರುಗಿಸುವಾಗ ಅರ್ಕಾವತ್ತನ್ನು ಹಿಂದಕ್ಕೆ ತಂದು ಧಕ್ಕಿಂತ ಮುಂಚೆ ಕೂರಿಸಬೇಕು. ಅದನ್ನು ಮಾಡದಿದ್ದರೆ ಅರ್ಧ 'ಅಧರ್' ಆಗುತ್ತದೆ. ವರ್ಷ 'ವಷರ್' ಆಗುತ್ತದೆ. ಸೂರ್ಯ 'ಸೂಯರ್' ಆಗುತ್ತದೆ.

ಕರಡು ನಾನು ಮೂರು ಸಲ ಓದಿದ್ದೆ. ಆದರೆ ಓದಿದ್ದು ನುಡಿಯಲ್ಲಿದ್ದಾಗ. ತಿರುಗಿಸಿದ ಮೇಲೆ ಮೊದಲ ನಾಲ್ಕು ಪುಟ ನೋಡಿ ಸರಿಯಾಗಿದೆ ಅಂದುಕೊಂಡೆ. ಆ ನಾಲ್ಕು ಪುಟದಲ್ಲಿ ಚಮಚವೇ ಇರಲಿಲ್ಲ. ಹನ್ನೊಂದು ವರ್ಷ ಬೇರೆಯವರ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಾದರೂ ಬೈಸಿಕೊಂಡವಳು ನಾನು. ನನ್ನದೇ ಪುಸ್ತಕದಲ್ಲಿ ಹೀಗಾಯಿತಲ್ಲ ಎಂದು ಆ ದಿನ ಊಟ ಸೇರಲಿಲ್ಲ.

ನಾಲ್ಕು ರಾತ್ರಿ ಕೂತು ಮೊದಲಿನಿಂದ ಕೊನೆಯವರೆಗೆ ಅಕ್ಷರ ಅಕ್ಷರ ಓದಿದೆ. ಸರಿ ಮಾಡಿದ್ದನ್ನು 37 ಜನರಿಗೂ ಒಬ್ಬೊಬ್ಬರಿಗೇ ಕಳಿಸಿದೆ. ಏನಾಯಿತು, ಯಾಕಾಯಿತು ಎಂದು ಬರೆದು ಕ್ಷಮೆ ಕೇಳಿದೆ. ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ. ದಾವಣಗೆರೆಯ ಅಕ್ಕ ಮಾತ್ರ ಇನ್ನೂ ಆರು ತಪ್ಪು ಹುಡುಕಿ ಕಳಿಸಿದರು. ಅವರು ರಿಟೈರ್ ಆದ ಹೈಸ್ಕೂಲ್ ಕನ್ನಡ ಮೇಡಂ ಅಂತ ಆಗ ಗೊತ್ತಾಯಿತು. ಅಲ್ಲಿಂದ ಇಲ್ಲಿಯವರೆಗೆ ನನ್ನ ಎಲ್ಲಾ ಪುಸ್ತಕದ ಕರಡು ಓದುವವರು ಅವರೇ. ಮೊದಲು ದುಡ್ಡು ಬೇಡ ಎಂದರು. ಕೆಲಸ ಮಾಡಿದ್ದಕ್ಕೆ ದುಡ್ಡು ತೆಗೆದುಕೊಳ್ಳದಿದ್ದರೆ ಇನ್ನೊಂದು ಸಲ ಕೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ ಎಂದೆ. ಒಪ್ಪಿಕೊಂಡರು.

ಎರಡನೇ ಪುಸ್ತಕದಲ್ಲಿ ಇನ್ನೊಂದು ಪಾಠ ಆಯಿತು. ಅಡುಗೆಮನೆಯಲ್ಲಿ ಕುಕ್ಕರ್, ಮಿಕ್ಸರ್, ಫ್ರಿಜ್ ಇಲ್ಲದೆ ಒಂದು ವಾಕ್ಯ ಮುಂದೆ ಹೋಗುವುದಿಲ್ಲ. ಇವೆಲ್ಲ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳು. 'ಕುಕ್ಕರ್‌ನಲ್ಲಿ' ಎಂದು ಬರೆಯುವಾಗ ರ್ ಮತ್ತು ನ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದು ಇದ್ದರೆ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಇಲ್ಲದಿದ್ದರೆ 'ಕುಕ್ಕರ್ನಲ್ಲಿ' ಎಂದು ಅಂಟಿಕೊಂಡು ಅರ್ಕಾವತ್ತು ಬರುತ್ತದೆ. ನಾನು ಜಾಸ್ತಿ ಇದ್ದ ಖಾಲಿ ಜಾಗಗಳನ್ನು ಒಂದೇ ಸಲಕ್ಕೆ ತೆಗೆಯಲು ಹೋಗಿ ಈ ಕಾಣದ ಗುರುತುಗಳೂ ಅಳಿಸಿಹೋದವು. ಫ್ರಿಜ್‌ನಲ್ಲಿ ಹೋಗಿ ಫ್ರಿಜ್ನಲ್ಲಿ, ಮಿಕ್ಸರ್‌ಗೆ ಹೋಗಿ ಮಿಕ್ಸರ್ಗೆ. ಪುಣ್ಯಕ್ಕೆ ಮಾರಾಟಕ್ಕಿಡುವ ಮುಂಚೆ ಮೇಡಂ ಕಣ್ಣಿಗೆ ಬಿತ್ತು. ಇದನ್ನು ಓದುಗರು ತಪ್ಪು ಎಂದು ಹೇಳಲಿಕ್ಕಿಲ್ಲ. ಆದರೆ ಓದುವಾಗ ಎಲ್ಲೋ ಎಡವಿದ ಹಾಗಾಗುತ್ತದೆ. ನಾಲ್ಕು ಸಲ ಎಡವಿದವರು ಐದನೇ ಪುಟಕ್ಕೆ ಬರುವುದಿಲ್ಲ.

ಪುಸ್ತಕವನ್ನು ಎರಡು ರೂಪದಲ್ಲಿ ಮಾಡುತ್ತೇನೆ. ಒಂದು ಇಪಬ್. ಅದರಲ್ಲಿ ಪುಟ ಎನ್ನುವುದೇ ಗಟ್ಟಿಯಾಗಿ ಇರುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದು ಕೆಳಗೆ ಬರುತ್ತದೆ. ನೀರಿನ ಹಾಗೆ, ಪಾತ್ರೆ ಹೇಗಿದೆಯೋ ಹಾಗೆ. ಮಾಡುವುದಕ್ಕೆ ಸಿಗಿಲ್, ಕ್ಯಾಲಿಬರ್ ಎನ್ನುವ ತಂತ್ರಾಂಶಗಳಿವೆ, ಎರಡೂ ಉಚಿತ. ಒಳಗೆ ನೋಟೋ ಸೆರಿಫ್ ಕನ್ನಡ ಫಾಂಟನ್ನು ಸೇರಿಸಿಯೇ ಕಳಿಸುತ್ತೇನೆ. ಅದನ್ನು ಯಾರು ಬೇಕಾದರೂ ಪುಸ್ತಕದೊಳಗೆ ಇಟ್ಟು ಮಾರಬಹುದು, ಅನುಮತಿ ಇದೆ. ಪ್ರೆಸ್ಸಿನಲ್ಲಿ ಬಳಸುತ್ತಿದ್ದ ಎಷ್ಟೋ ಚಂದದ ಫಾಂಟುಗಳಿಗೆ ಆ ಅನುಮತಿ ಇರುವುದಿಲ್ಲ. ಹೊಸದಾಗಿ ಶುರು ಮಾಡುವವರು ಇದನ್ನೊಂದು ನೋಡಿಕೊಳ್ಳಬೇಕು.

ಆದರೆ ನನ್ನ ಓದುಗರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇಪಬ್ ತೆರೆಯುವುದು ಹೇಗೆಂದು ಗೊತ್ತಿರಲಿಲ್ಲ. "ಫೈಲ್ ಓಪನ್ ಆಗ್ತಿಲ್ಲ" ಎಂದು ದಿನಕ್ಕೆ ಮೂರು ನಾಲ್ಕು ಮೆಸೇಜ್. ಅದಕ್ಕೇ ಪಿಡಿಎಫ್ ಕೂಡಾ ಕೊಡುತ್ತೇನೆ. ಮಾಮೂಲಿ ಪುಸ್ತಕದ ಅಳತೆಯ ಪಿಡಿಎಫ್ ಫೋನಿಗೆ ಹಾಕಿದರೆ ಎರಡು ಬೆರಳಲ್ಲಿ ಹಿಗ್ಗಿಸಿ, ಆ ಕಡೆ ಈ ಕಡೆ ಎಳೆದು ಓದಬೇಕು. ಒಲೆ ಮುಂದೆ ನಿಂತವರ ಕೈ ತುಂಬಾ ಹಿಟ್ಟು ಇರುತ್ತದೆ. ಹಾಗಾಗಿ ಪುಟವನ್ನೇ ಫೋನಿನ ಅಳತೆಗೆ ಕತ್ತರಿಸಿದೆ. 9 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಉದ್ದ. ಒಂದು ತಂಬುಳಿಗೆ ಎರಡೇ ಪುಟ. ಒಂದರಲ್ಲಿ ಫೋಟೋ ಮತ್ತು ಸಾಮಾನು, ಇನ್ನೊಂದರಲ್ಲಿ ಮಾಡುವ ರೀತಿ. ಫೋನನ್ನು ಉಪ್ಪಿನ ಭರಣಿಗೆ ಆನಿಸಿ ನಿಲ್ಲಿಸಿದರೆ ಮುಟ್ಟದೆಯೇ ಓದಬಹುದು. ನಮ್ಮ ಅಡುಗೆಮನೆಯಲ್ಲಿ ಹಾಗೆ ನಿಲ್ಲಿಸಿ ನೋಡಿಯೇ ಅಕ್ಷರದ ಅಳತೆ ಹಿಡಿದಿದ್ದು.

ಫೋಟೋ ದೊಡ್ಡ ತಲೆನೋವು. ಮೊದಲ ಫೈಲು 64 ಎಂಬಿ ಇತ್ತು. ಆಗ ನಮ್ಮ ಮನೆಯೊಳಗೆ ಸಿಗ್ನಲ್ ಇರಲಿಲ್ಲ. ಮನೆ ಹಿಂದಿನ ಧರೆ ಹತ್ತಿ, ಹಲಸಿನ ಮರದ ಕೆಳಗೆ ನಿಂತರೆ ಸಿಗುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಛತ್ರಿ ಹಿಡಿದು, ಅಲ್ಲಿ ನಿಂತು ಕಳಿಸುತ್ತಿದ್ದೆ. ಅರ್ಧ ಹೋಗಿ ನಿಲ್ಲುತ್ತಿತ್ತು. ಫೋಟೋಗಳನ್ನು ಚಿಕ್ಕದು ಮಾಡುವುದು ಕಲಿತ ಮೇಲೆ ಅದೇ ಪುಸ್ತಕ 6 ಎಂಬಿಗೆ ಬಂತು. ಈಗ ಮನೆಗೆ ಫೈಬರ್ ಬಂದಿದೆ. ಗಾಳಿಗೆ ಮರ ಬಿದ್ದರೆ ಹೋಗುತ್ತದೆ. ಹೋದಾಗ ಧರೆ ಹತ್ತುವುದು ಇದ್ದೇ ಇದೆ.

ಎಲ್ಲಿ ಮಾರುವುದು ಎನ್ನುವುದಕ್ಕೆ ಬಹಳ ತಲೆ ಕೆಡಿಸಿಕೊಂಡೆ. ಎಲ್ಲರೂ ಅಮೆಜಾನಿನ ಇ-ಪುಸ್ತಕದ ಅಂಗಡಿ ಕಿಂಡಲ್ ಎಂದರು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ತೆರೆದುಕೊಂಡಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಆ ದಾರಿ ಬಿಟ್ಟೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಇಡಬಹುದು, ಅಲ್ಲಿ ನನ್ನ ಮೂರೂ ಪುಸ್ತಕ ಇವೆ. ಕನ್ನಡದ್ದೇ ಆದ ಆಪ್‌ಗಳೂ ಈಗ ಇವೆ, ಮೈಲ್ಯಾಂಗ್ ಅಂಥದ್ದು. ಕತೆ, ಕಾದಂಬರಿ ಬರೆಯುವವರಿಗೆ ಅಲ್ಲಿ ಓದುವ ಜನ ಸಿಗುತ್ತಾರೆ. ನನ್ನ ಮಾರಾಟದಲ್ಲಿ ಹೆಚ್ಚಿನ ಪಾಲು ಮಾತ್ರ ನೇರವಾಗಿ ಆಗುವುದು. ಅಂದರೆ ನನ್ನದೇ ಒಂದು ವೆಬ್ ಪುಟ, ಅದರಲ್ಲಿ ದುಡ್ಡು ಕಟ್ಟುವ ವ್ಯವಸ್ಥೆ, ಆಮೇಲೆ ವಾಟ್ಸಾಪ್.

ಲೆಕ್ಕ ಹೇಳುತ್ತೇನೆ. ಪುಸ್ತಕದ ಬೆಲೆ 99 ರೂಪಾಯಿ. ದುಡ್ಡು ಕಟ್ಟಿಸಿಕೊಡುವವರು ನೂರಕ್ಕೆ ಎರಡು ತೆಗೆದುಕೊಳ್ಳುತ್ತಾರೆ, ಆ ಎರಡರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂದರೆ ಒಂದು ಪ್ರತಿಗೆ ಎರಡು ರೂಪಾಯಿ 34 ಪೈಸೆ. ಮಿಕ್ಕಿದ್ದು 96 ರೂಪಾಯಿ 66 ಪೈಸೆ ನನಗೆ. ಅಂಗಡಿಗಳ ಮೂಲಕ ಹೋದರೆ ಇದಕ್ಕಿಂತ ಬಹಳ ಜಾಸ್ತಿ ಬಿಟ್ಟುಕೊಡಬೇಕು. ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಗೆ ಹಾಕಿದರೆ ಕಮಿಷನ್ ಹೋಗುತ್ತದೆ, ಆದರೆ ಮಂಡಿಯಲ್ಲಿ ಖರೀದಿದಾರರು ಬಂದು ಕೂತಿರುತ್ತಾರೆ. ಮನೆಯಲ್ಲೇ ಮಾರಿದರೆ ಪೂರ್ತಿ ನಮ್ಮದು, ಆದರೆ ಕೊಳ್ಳುವವರನ್ನು ನಾವೇ ಕರೆದು ತರಬೇಕು.

ಶುರುವಿನಲ್ಲಿ 49 ಇಟ್ಟಿದ್ದೆ. ಕಾಗದ ಇಲ್ಲ, ಕೈಯಲ್ಲಿ ಹಿಡಿಯುವುದಕ್ಕೆ ಆಗುವುದಿಲ್ಲ, ಇದಕ್ಕೆ ಜಾಸ್ತಿ ಕೇಳುವುದು ಹೇಗೆ ಎನ್ನುವ ಸಂಕೋಚ. ಆಮೇಲೆ ಕೂತು ಯೋಚಿಸಿದೆ. ಅತ್ತೆಯ ಐವತ್ತು ವರ್ಷದ ಅಡುಗೆ, ನನ್ನ ಎಂಟು ತಿಂಗಳ ಕೆಲಸ, ಮೇಡಂ ಕಣ್ಣು. ಇದಕ್ಕೆ 99 ಕೇಳಿದರೆ ತಪ್ಪಿಲ್ಲ ಅನ್ನಿಸಿತು. ಬೆಲೆ ಏರಿಸಿದ ಮೇಲೆ ಮಾರಾಟ ಕಡಿಮೆ ಆಗಲಿಲ್ಲ.

ಕೊಳ್ಳುವವರು ಯಾರು ಎಂದರೆ, ಮೊದಲ ತಿಂಗಳು ಅರ್ಧದಷ್ಟು ನೆಂಟರೇ. ಆಮೇಲೆ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಮದುವೆಯಾಗಿ ಹೋದ ಒಬ್ಬರು ತಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಿದರು. ಎರಡೇ ದಿನದಲ್ಲಿ 64 ಹೋಯಿತು. ಅಲ್ಲಿಂದ ದಾರಿ ತಿಳಿಯಿತು. ನನ್ನ ಓದುಗರು ಊರು ಬಿಟ್ಟ ಮಲೆನಾಡಿನವರು. ಅಮ್ಮನ ಕೈ ಅಡುಗೆ ಉಂಡು ಬೆಳೆದವರು, ಕಲಿಯುವುದಕ್ಕೆ ಸಮಯ ಸಿಗದೆ ಹೋದವರು. ಗಂಡು ಮಕ್ಕಳೂ ತುಂಬಾ ಜನ. ಪುಣೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಬರೆದಿದ್ದ, "ಆಂಟಿ, ಒಂದೆಲಗ ಇಲ್ಲಿ ಸಿಗಲ್ಲ. ಪಾಲಕ್ ಹಾಕಿದ್ರೆ ಅಮ್ಮನಿಗೆ ಗೊತ್ತಾಗತ್ತಾ?" ಅಮೆರಿಕದಲ್ಲಿರುವವರು ಊರಲ್ಲಿರುವ ಅಪ್ಪನ ಫೋನಿನಿಂದ ದುಡ್ಡು ಕಟ್ಟಿಸುತ್ತಾರೆ. ಅಪ್ಪನಿಗೆ ಕಳಿಸಿದ ಪುಸ್ತಕ ಅಲ್ಲಿಂದ ಮಗಳಿಗೆ ಹೋಗುತ್ತದೆ. ಅದಕ್ಕೆ ನನ್ನ ಅಡ್ಡಿ ಏನೂ ಇಲ್ಲ.

ಅಡ್ಡಿ ಇರುವುದು ಬೇರೆಯದಕ್ಕೆ. 2022ರಲ್ಲಿ ನಮ್ಮ ನೆಂಟರದ್ದೇ ಒಂದು ವಾಟ್ಸಾಪ್ ಗುಂಪಿಗೆ ನನ್ನ ಪುಸ್ತಕದ ಪಿಡಿಎಫ್ ಬಂತು. "ಎಲ್ಲರಿಗೂ ಉಪಯೋಗ ಆಗಲಿ" ಎಂದು ಮೇಲೆ ಬರೆದಿತ್ತು. 180 ಜನ ಇದ್ದ ಗುಂಪು. ಕೆಳಗೆ ಕೈಮುಗಿದ ಗುರುತುಗಳ ಸಾಲು. ಹಾಕಿದವರಿಗೆ ಕೆಟ್ಟ ಮನಸ್ಸು ಇರಲಿಲ್ಲ, ಅದು ನನಗೂ ಗೊತ್ತು. ಆದರೂ ಹೊಟ್ಟೆ ಉರಿಯಿತು. ತೋಟಕ್ಕೆ ನುಗ್ಗಿ ಗೊನೆ ಕೊಯ್ದುಕೊಂಡು ಹೋದರೆ ಯಾರೂ ಸುಮ್ಮನಿರುವುದಿಲ್ಲ. ಬರೆದಿದ್ದಕ್ಕೆ ಯಾಕೆ ಬೇರೆ ನ್ಯಾಯ?

ಫೈಲಿಗೆ ಬೀಗ ಹಾಕುವ ದಾರಿಗಳಿವೆ. ನನಗೆ ಅವು ಇಷ್ಟವಿಲ್ಲ. ದುಡ್ಡು ಕೊಟ್ಟವರಿಗೇ ತೆರೆಯುವುದು ಕಷ್ಟ ಆಗುತ್ತದೆ. ಅದರ ಬದಲು ಒಂದು ಕೆಲಸ ಮಾಡಿದೆ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಕೊಂಡವರ ಹೆಸರು, ಅವರ ಊರು ಹಾಕುತ್ತೇನೆ. 'ಈ ಪ್ರತಿ ಇಂಥವರಿಗಾಗಿ' ಎಂದು. ಇದು ತಾನಾಗಿ ಆಗುವುದಿಲ್ಲ, ಒಂದೊಂದಕ್ಕೂ ನಾನೇ ಕೈಯಾರೆ ಮಾಡಬೇಕು, ಎರಡು ಎರಡೂವರೆ ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ ಐದಕ್ಕೆ, ರಾತ್ರಿ ಒಂಬತ್ತಕ್ಕೆ ಕೂತು ಕಳಿಸುತ್ತೇನೆ. ಒಂದು ದಿನದೊಳಗೆ ಬರುತ್ತದೆ ಎಂದು ವೆಬ್ ಪುಟದಲ್ಲೇ ಬರೆದಿದ್ದೇನೆ. ಈಗಿನ ಕಾಲದಲ್ಲಿ ಯಾರು ಕಾಯುತ್ತಾರೆ ಎಂದು ಮಗಳು ಹೇಳಿದಳು. ಕಾಯುತ್ತಾರೆ. ತಮ್ಮ ಹೆಸರು ಅಚ್ಚಾಗಿರುವ ಪುಟವನ್ನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ತಮ್ಮ ಹೆಸರಿರುವ ಪುಸ್ತಕವನ್ನು ಗುಂಪಿಗೆ ಎಸೆಯುವುದಕ್ಕೆ ಕೈ ಬರುವುದಿಲ್ಲ. ಆಮೇಲೆ ಅಂಥದ್ದು ನನ್ನ ಕಣ್ಣಿಗೆ ಒಂದೇ ಸಲ ಬಿದ್ದಿದ್ದು.

ಕಾಗದಪತ್ರದ ಕೆಲಸ ಹೆದರುವಷ್ಟೇನೂ ಇಲ್ಲ. ಐಎಸ್‌ಬಿಎನ್ ಎನ್ನುವ ಪುಸ್ತಕದ ಗುರುತಿನ ನಂಬರ್ ನಮ್ಮ ದೇಶದಲ್ಲಿ ಉಚಿತ. ದೆಹಲಿಯ ರಾಜಾರಾಮಮೋಹನ ರಾಯ್ ಹೆಸರಿನ ಸಂಸ್ಥೆ ಕೊಡುತ್ತದೆ, ಅರ್ಜಿ ಆನ್‌ಲೈನ್. ಅಚ್ಚಿನ ಪ್ರತಿಗೆ ಒಂದು ನಂಬರ್, ಇ-ಪುಸ್ತಕಕ್ಕೆ ಬೇರೆ ನಂಬರ್. ತೆರಿಗೆಯದ್ದು ಮಾತ್ರ ಆಡಿಟರ್ ಹತ್ತಿರ ಕೂತು ತಿಳಿದುಕೊಂಡೆ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ 18 ಇತ್ತು. 2018ರ ಜುಲೈನಲ್ಲಿ 5ಕ್ಕೆ ಇಳಿಸಿದರು, ಅದೂ ಅಚ್ಚಿನಲ್ಲೂ ಇರುವ ಪುಸ್ತಕಕ್ಕೆ ಮಾತ್ರ. ಫೋನಿಗೆಂದೇ ಬರೆದ ಪುಸ್ತಕಕ್ಕೆ ಆ ರಿಯಾಯಿತಿ ಇಲ್ಲ. ಪುಸ್ತಕ ಪುಸ್ತಕವೇ ಅಲ್ವಾ? ಇದು ನನಗೆ ಸರಿ ಕಾಣುವುದಿಲ್ಲ. ವರ್ಷಕ್ಕೆ 20 ಲಕ್ಷ ದಾಟದ ನನ್ನಂಥವರು ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ, ಅದಕ್ಕೆ ನಡೆದುಹೋಗುತ್ತಿದೆ.

ಆಗಾಗ ಬರುವ ಇನ್ನೊಂದು ಸಲಹೆ, "ಕುವೆಂಪು ಪುಸ್ತಕ ಹಾಕಿ, ಚೆನ್ನಾಗಿ ಹೋಗುತ್ತೆ." ಹಾಕುವ ಹಾಗಿಲ್ಲ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ಕಡೆಯವರದ್ದು. ಕುವೆಂಪು ಹೋಗಿದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಕೇಳದೆ ಮುಟ್ಟಬಾರದು. ಗುಂಪಿನಲ್ಲಿ ನನ್ನ ಪುಸ್ತಕ ಕಂಡು ನನಗೆ ಆದ ಸಂಕಟವನ್ನು ನಾನು ಇನ್ನೊಬ್ಬರ ಮನೆಯವರಿಗೆ ಕೊಡಲಾರೆ.

ಎರಡನೇ ಪುಸ್ತಕ ಮಳೆಗಾಲದ ಅಡುಗೆಯದು. ಅದನ್ನು ಮಾಡುವಾಗ ನನಗೆ ನಿಜವಾಗಿ ಭಯ ಇತ್ತು. ತಂಬುಳಿಯಲ್ಲಿ ಅರ್ಧ ಚಮಚ ಹೆಚ್ಚು ಕಡಿಮೆ ಆದರೆ ರುಚಿ ಕೆಡುತ್ತದೆ, ಅಷ್ಟೇ. ಕಳಲೆ ಹಾಗಲ್ಲ. ಎಳೇ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ನಮ್ಮ ಹಿರಿಯರು ಸಯನೈಡ್ ಎನ್ನುವ ಹೆಸರು ಕೇಳಿದವರಲ್ಲ, ಆದರೆ ಮೂರು ದಿನದ ಲೆಕ್ಕ ತಪ್ಪಿಸಿದವರೂ ಅಲ್ಲ. ಕೆಸುವಿನ ಸೊಪ್ಪಿಗೆ ಹುಳಿ ಬಿಟ್ಟುಹೋದರೆ ಗಂಟಲೆಲ್ಲ ತುರಿಸುತ್ತದೆ. ಇಂಥ ಕಡೆ ಒಂದು ಸಾಲು ಹಾರಿಹೋದರೆ, ಒಂದು ಅಂಕಿ ಬದಲಾದರೆ ಹೊಣೆ ನನ್ನದು. ನನ್ನ ಮೇಲೆ ಸಂಪಾದಕರಿಲ್ಲ, ಪ್ರಕಾಶಕರಿಲ್ಲ. ಆ ಪುಸ್ತಕವನ್ನು ಮೇಡಂ ಎರಡು ಸಲ ಓದಿದರು, ನಾನು ಫೋನಿನಲ್ಲೇ ಮೂರು ಸಲ ಓದಿದೆ. ಕಳಲೆಯ ಪುಟದಲ್ಲಿ ಮೂರು ಎನ್ನುವುದನ್ನು ಅಂಕಿಯಲ್ಲೂ ಬರೆದೆ, ಅಕ್ಷರದಲ್ಲೂ ಬರೆದೆ. ಅಣಬೆಯನ್ನು ಸೇರಿಸಲೇ ಇಲ್ಲ. ಫೋಟೋ ನೋಡಿ ಅಣಬೆ ಕಿತ್ತು ತಿನ್ನಿ ಎಂದು ಯಾರಿಗೂ ಹೇಳಲು ನನಗೆ ಧೈರ್ಯವಿಲ್ಲ. ಅಣಬೆ ಯಾಕಿಲ್ಲ ಎಂದು ಕೇಳಿದವರು ಬಹಳ. ಅಮ್ಮನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ ಎಂದು ಉತ್ತರ ಬರೆಯುತ್ತೇನೆ.

ಮೂರನೆಯದು ಅಪ್ಪೆಮಿಡಿ ಉಪ್ಪಿನಕಾಯಿ. ಮಾರ್ಚ್ ಏಪ್ರಿಲ್‌ನಲ್ಲಿ ಸಾಗರದ ಸಂತೆಗೆ ಮಿಡಿ ಬರುವಾಗ ಅದು ಓಡುತ್ತದೆ, ಮಿಡಿ ಮುಗಿದ ಮೇಲೆ ಯಾರೂ ಕೇಳುವುದಿಲ್ಲ. ತಂಬುಳಿ ಬೇಸಿಗೆಯಲ್ಲಿ ಹೋಗುತ್ತದೆ, ಮಳೆಗಾಲದ್ದು ಮಳೆಗಾಲದಲ್ಲಿ. ಫಸಲಿನ ಹಾಗೆಯೇ ಇದಕ್ಕೂ ಕಾಲ ಇದೆ.

ಹೋದ ವರ್ಷ ಮೂರೂ ಸೇರಿ ಸಾವಿರದ ಮೇಲೆ ಚಿಲ್ಲರೆ ಪ್ರತಿ ಹೋದವು. ಕೈಗೆ ಬಂದಿದ್ದು ಒಂದು ಲಕ್ಷದ ಆಸುಪಾಸು. ಮೇಡಂಗೆ ಕೊಟ್ಟಿದ್ದು, ಯುಪಿಎಸ್ ಬ್ಯಾಟರಿ, ವೆಬ್ ಪುಟದ ಬಾಡಿಗೆ ಕಳೆದರೆ ಎಂಬತ್ತು ಸಾವಿರ ಉಳಿಯಿತು. ಪ್ರೆಸ್ಸಿನ ಸಂಬಳಕ್ಕಿಂತ ಕಡಿಮೆ. ಆದರೆ ದನಕರು, ತೋಟ, ಮನೆ ನೋಡಿಕೊಂಡು, ಸಾಗರಕ್ಕೆ ಬಸ್ಸಿಗೆ ಓಡದೆ ದುಡಿದಿದ್ದು. ಎಲೆಚುಕ್ಕಿ ರೋಗ ಬಂದು ತೋಟದ ಫಸಲು ಇಳಿದಾಗ ಮಗಳ ಕಾಲೇಜಿನ ಫೀಸು ಕಟ್ಟಿದ್ದು ಈ ದುಡ್ಡಿನಲ್ಲಿ.

ಅತ್ತೆ ಇಷ್ಟು ವರ್ಷ ಈ ಪುಸ್ತಕವನ್ನು ಓದಿಯೇ ಇರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಕಳೆದ ಡಿಸೆಂಬರ್‌ನಲ್ಲಿ ಎರಡೂ ಕಣ್ಣಿನ ಆಪರೇಷನ್ ಆಯಿತು. ಹೋದ ವಾರ ಮಧ್ಯಾಹ್ನ ಜಗಲಿಯಲ್ಲಿ ಕೂತವರು, "ಅದೆಂಥ ನನ್ನ ಪುಸ್ತಕ ಅಂತೀಯಲ್ಲ, ತೋರ್ಸು ನೋಡನ" ಎಂದರು. ಫೋನಿನಲ್ಲಿ ಇಪಬ್ ತೆರೆದು, ಒಂದು ಸಾಲಿಗೆ ಮೂರೇ ಪದ ಬರುವಷ್ಟು ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಬೆರಳಲ್ಲಿ ತಳ್ಳುವುದನ್ನು ತೋರಿಸಿದೆ. ತುಟಿ ಅಲ್ಲಾಡಿಸುತ್ತಾ ಓದಿದರು. ಅರ್ಧ ಗಂಟೆ ಮಾತೇ ಇಲ್ಲ.

ಆಮೇಲೆ ಕರೆದರು. ನೇರಳೆ ಕುಡಿ ತಂಬುಳಿಯ ಪುಟ.

"ಕಾಳುಮೆಣಸು ಅರ್ಧ ಚಮಚ ಅಂತ ಬರ್ದಿದೀಯಲ್ಲ. ನಾನು ಯಾವಾಗ ಚಮಚ ಹಿಡ್ದಿದೀನಿ ಮಾರಾಯ್ತಿ? ಆರು ಕಾಳು ಅಂತ ಹೇಳಿದ್ದು ನಾನು."

ಹೌದು. ಅವರು ಹೇಳಿದ್ದು ಆರು ಕಾಳು, ಒಂದು ಚಿಟಿಕೆ, ಮೂರು ಬೆರಳಿಗೆ ಬರುವಷ್ಟು ಜೀರಿಗೆ. ಪುಸ್ತಕ ಅಂದರೆ ಅಳತೆ ಇರಬೇಕು ಎಂದು ಎಲ್ಲವನ್ನೂ ಅರ್ಧ ಚಮಚ ಮಾಡಿದ್ದು ನಾನು, ಪ್ರೆಸ್ಸಿನ ಊಟದ ಬಿಡುವಿನಲ್ಲಿ.

ಅವತ್ತು ರಾತ್ರಿಯೇ ಕೂತೆವು. ನಾನು ಕಂಪ್ಯೂಟರ್ ಮುಂದೆ, ಅತ್ತೆ ಪಕ್ಕದಲ್ಲಿ ಮಣೆಯ ಮೇಲೆ, ಮುಂದೆ ಮಸಾಲೆ ಡಬ್ಬಿ. ನಾನು ತಂಬುಳಿಯ ಹೆಸರು ಹೇಳುವುದು, ಅವರು ಬೆರಳಲ್ಲಿ ತೆಗೆದು ನನ್ನ ಅಂಗೈಗೆ ಹಾಕುವುದು, ನಾನು ಎಣಿಸಿ ಬರೆಯುವುದು. 41 ಅರ್ಧ ಚಮಚಗಳಲ್ಲಿ 19 ಮುಗಿದಿತ್ತು, ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ಇನ್ನು ನಾಲ್ಕು ಮಾಡಿದೆವು.